ಮುರಿಗೆಪ್ಪನ ಸರಾಸರಿ

ದಹಿಸರ್ ಸ್ಟೇಶನ್ನಿನ ಎದುರು ರಿಕ್ಷಾ ಸ್ಟ್ಯಾಂಡಿನ ಮೇಲೆ ತನ್ನದೇ ಮುಖ ಕಂಡಾಗ ಮುರಿಗೆಪ್ಪನಿಗೆ ಮೊದಲು ಅನ್ನಿಸಿದ್ದು, ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನಲ್ಲ ಎಂದು. ಫ್ಲೆಕ್ಸ್ ಮಾಡಿದವನು ಅವನ ಕೂದಲನ್ನು ಕಪ್ಪಾಗಿಸಿ, ಕೈಗೊಂದು ಬ್ಯಾಟು ಕೊಟ್ಟು, ಬೆನ್ನ ಹಿಂದೆ ಬೆಂಕಿ ಹೊತ್ತಿಸಿದ್ದ. ಕೆಳಗೆ ಹಳದಿ ಅಕ್ಷರದಲ್ಲಿ ಬಸವ ಮಿತ್ರ ಬಳಗದ ಹೆಮ್ಮೆಯ ನಾಯಕ ಎಂದಿತ್ತು. ಅದರ ಕೆಳಗೆ, ಹೆಸರಿಗಿಂತ ದೊಡ್ಡದಾಗಿ, ಸರಾಸರಿ ೫೮.೪. ಭಾನುವಾರ ಬೆಳಗ್ಗೆ ಬೋರಿವಲಿಯ ಬಟ್ಟೆ ವ್ಯಾಪಾರಿಗಳ ತಂಡದೊಂದಿಗೆ ಪಂದ್ಯ, ಐವತ್ತು ದಾಟಿದವರಿಗೆ ಮಾತ್ರ, ಎಲ್ಲರೂ ಕುಟುಂಬ ಸಮೇತ ಬರಬೇಕು. ಬಳಗದ ಕಾರ್ಯದರ್ಶಿ ಸಿದ್ದಲಿಂಗಪ್ಪ, ಸ್ಟೀಲ್ ಪಾತ್ರೆಯ ಅಂಗಡಿಯವನು, ಒಂದು ಸಂಜೆ ಚಹಾ ಕುಡಿಯುತ್ತ, “ಕಂಪನಿ ಮ್ಯಾಚಿನ್ಯಾಗ ನಿಮ್ಮ ಆವರೇಜ್ ಎಷ್ಟ ಐತ್ರಿ?” ಎಂದು ಸುಮ್ಮನೆ ಕೇಳಿದ್ದ. ಮುರಿಗೆಪ್ಪ ಸುಮ್ಮನೆ ಹೇಳಿದ್ದ. ಸುಮ್ಮನೆ ಏನಲ್ಲ, ಅವನು ಕೇಳಲಿ ಎಂದೇ ಬಹಳ ಹೊತ್ತಿನಿಂದ ಮಾತನ್ನು ಆ ಕಡೆಗೆ ನೂಕುತ್ತಿದ್ದ. ಈಗ ಆ ಅಂಕಿ ಹಾಲಿನವನಿಗೂ ಇಸ್ತ್ರಿಯವನಿಗೂ ಗೊತ್ತು. ರಿಕ್ಷಾದವನೊಬ್ಬ ಫ್ಲೆಕ್ಸ್ ನೋಡಿದ, ಇವನನ್ನು ನೋಡಿದ, ಮತ್ತೆ ಫ್ಲೆಕ್ಸ್ ನೋಡಿ ಪಾನ್ ಉಗುಳಿದ. ಆ ಉಗುಳಿಗೂ ತನಗೂ ಸಂಬಂಧವಿಲ್ಲ ಎಂದುಕೊಳ್ಳುತ್ತ ಮುರಿಗೆಪ್ಪ ಸೇತುವೆಯ ಮೆಟ್ಟಿಲು ಹತ್ತಿದ.

ನಿನ್ನೆಯವರೆಗೆ ಆ ಅಂಕಿಯ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ತನ್ನ ರಕ್ತದ ಗುಂಪಿನ ಬಗ್ಗೆ ಯಾರಾದರೂ ಅನುಮಾನ ಪಡುತ್ತಾರೆಯೇ? ನಿನ್ನೆ ಸಂಜೆ ಮಗಳು ನೇತ್ರಾ ಸೋಫಾದ ಮೇಲೆ ಕಾಲು ಮಡಚಿ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದಳು. ಕ್ರಿಕೆಟ್ ಆಟಗಾರರ ಅಂಕಿಗಳನ್ನು ಜರಡಿ ಹಿಡಿದು, ಇವರಲ್ಲಿ ಯಾರು ನಿಜವಾಗಿ ಆಡಬಲ್ಲವರು, ಯಾರು ಬರೀ ಅಂಕಿ ಎಂದು ಹೇಳುವ ಕಂಪನಿಯಲ್ಲಿ ಅವಳಿಗೆ ಕೆಲಸ. ಅಂಥ ಕಂಪನಿಗೆ ಜನ ದುಡ್ಡು ಕೊಡುತ್ತಾರೆಂಬುದೇ ಮುರಿಗೆಪ್ಪನಿಗೆ ಇನ್ನೂ ನಂಬಲಾಗದ ಸಂಗತಿ. ಅವನು ಮೊಬೈಲಿನಲ್ಲಿ, ಸಿದ್ದಲಿಂಗಪ್ಪ ಮುಂಚೆಯೇ ಕಳಿಸಿದ್ದ ಫ್ಲೆಕ್ಸಿನ ಫೋಟೋ ತೋರಿಸಿದ. “ನೈಸ್, ಪಪ್ಪಾ,” ಎಂದಳು. ಆಮೇಲೆ ಕನ್ನಡದ ಪದಗಳನ್ನು ಹುಡುಕುತ್ತ, “ಆದ್ರೆ ಈ ರನ್ಸ್... ಯಾರ ಬೌಲಿಂಗ್‌ಗೆ ಮಾಡಿದ್ದು?” ಎಂದು ಕೇಳಿದಳು. “ನಮ್ಮ ಪ್ಲಾಂಟಿನವ್ರದ.” “ಮತ್‌ಲಬ್ ನಿಮಗೆ ರಿಪೋರ್ಟ್ ಮಾಡೋರು?” “ಎಲ್ಲಾರೂ ಅಲ್ಲ.” “ಓಕೆ,” ಎಂದಳು ನೇತ್ರಾ, ಕಣ್ಣು ಲ್ಯಾಪ್‌ಟಾಪಿನ ಮೇಲೆಯೇ ಇತ್ತು. ಆ ಓಕೆ ಬಹಳ ಸಭ್ಯವಾಗಿತ್ತು. ಡಾಕ್ಟರು ರಿಪೋರ್ಟು ನೋಡಿ, ಮನೆಯವರನ್ನು ಕರೆದುಕೊಂಡು ಬನ್ನಿ ಎನ್ನುವ ಮುಂಚೆ ಇಂಥದೇ ಸಭ್ಯತೆ ಇರುತ್ತದೆ. ಅಡುಗೆಮನೆಯಿಂದ ಬಂದ ಹೆಂಡತಿ ರಾಚವ್ವ ಫೋಟೋದೊಳಗೆ ಮುಖವಿಟ್ಟು ನೋಡಿ, “ಹೊಟ್ಟಿ ಎಲ್ಲಿ ಇಟ್ರಿ? ಕಾಣವಲ್ದು,” ಎಂದಳು. ಭಾನುವಾರ ಅವಳೂ ಬರುತ್ತಾಳೆ. ನೇತ್ರಾಳೂ ರಜೆ ಹಾಕದೆ ಸಿಗುವ ದಿನವೆಂದು ಬರುತ್ತಾಳೆ. ಅವಳು ಚಪ್ಪಾಳೆ ತಟ್ಟುವುದಿಲ್ಲ, ನೋಡುತ್ತಾಳೆ. ಮುರಿಗೆಪ್ಪನಿಗೆ ಹೆದರಿಕೆಯಾದದ್ದು ಅದಕ್ಕೆ. ಹುಟ್ಟಿದಾಗಿನಿಂದ ಅಪ್ಪನ ಕೈಯಲ್ಲಿ ಕಪ್ಪುಗಳನ್ನೂ ಟ್ರೋಫಿಗಳನ್ನೂ ಕಂಡ ಹುಡುಗಿ, ಮೊದಲ ಎಸೆತಕ್ಕೇ ಸ್ಟಂಪು ಉರುಳಿದರೆ ಅದೇ ಸಭ್ಯ ಧ್ವನಿಯಲ್ಲಿ ಓಕೆ ಎನ್ನುತ್ತಾಳೆ. ಭಾನುವಾರದ ಒಳಗೆ ತನಗೆ ಬ್ಯಾಟು ಬೀಸಲು ಬರುತ್ತದೆಯೋ ಇಲ್ಲವೋ ಎಂಬುದು ತನಗೆ ಗೊತ್ತಾಗಲೇಬೇಕು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ತಿಳಿದುಕೊಳ್ಳಬೇಕಾದ ವಿಷಯವೇ ಇದು? ಎಂದು ತನ್ನನ್ನೇ ಬೈದುಕೊಂಡರೂ ಆ ಚಡಪಡಿಕೆ ನಿಲ್ಲಲಿಲ್ಲ.

ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಗಲಿಲ್ಲ. ಬೋರಿವಲಿಯಲ್ಲಿ ಹತ್ತಿದವರಲ್ಲಿ ಬಟ್ಟೆ ವ್ಯಾಪಾರಿಯಂತೆ ಕಂಡ ಪ್ರತಿಯೊಬ್ಬನ ಭುಜವನ್ನೂ ಅವನು ಕದ್ದು ನೋಡಿದ. ಒಬ್ಬ ದಪ್ಪನೆಯವನು ಬೆರಳುಗಳನ್ನು ಒಂದೊಂದಾಗಿ ಲಟಿಕೆ ಮುರಿಯುತ್ತಿದ್ದ; ಅವು ಚೆಂಡು ತಿರುಗಿಸುವ ಬೆರಳುಗಳೇ ಇರಬೇಕು. ಬೌಲಿಂಗ್ ಎಂದರೇನೆಂದು ಮುರಿಗೆಪ್ಪನಿಗೆ ಗೊತ್ತಿತ್ತು, ಈಗಿನ ಕಷ್ಟವೇ ಅದು. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ ಈ ಪಂಪು ಮಾಡುವ ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಅವನು ಬೌಲರನೇ ಆಗಿದ್ದ, ಆಗಿನ ದೊಡ್ಡ ಸಾಹೇಬ ಕರ್ಣಿಕರಿಗೆ ಅಚ್ಚುಮೆಚ್ಚಿನ ಬೌಲರ್. ಚಳಿಗಾಲದ ಭಾನುವಾರಗಳಲ್ಲಿ ಆಫೀಸರುಗಳ ತಂಡಕ್ಕೂ ಒಂದೊಂದು ವಿಭಾಗದ ತಂಡಕ್ಕೂ ಪಂದ್ಯ ನಡೆಯುತ್ತಿತ್ತು. ಕೆಟ್ಟ ಎಸೆತವನ್ನು ಯಾರು ಬೇಕಾದರೂ ಹಾಕಬಹುದು, ಆದರೆ ಸಾಹೇಬರಿಗೆ ಹಾಕುವ ಕೆಟ್ಟ ಎಸೆತದ ಶಾಸ್ತ್ರವೇ ಬೇರೆ. ದೂರದಿಂದ ಪೂರ್ತಿ ಓಡಿ ಬರಬೇಕು, ಹಲ್ಲು ಕಚ್ಚಬೇಕು, ಬಿಡುವಾಗ ಹುಂ ಎಂದು ಉಸಿರು ಕೇಳಬೇಕು, ಆಮೇಲೆ ಚೆಂಡು ಸಾಹೇಬರ ಕಾಲಿನ ಹತ್ತಿರ ಪುಟಿದು, ನನ್ನನ್ನು ಹೊಡೆಯಿರಿ ಎಂದು ತಾನಾಗಿ ಬ್ಯಾಟಿಗೆ ಬರಬೇಕು. ಹೊಡೆದ ಮೇಲೆ ತಲೆಯ ಮೇಲೆ ಎರಡೂ ಕೈ ಇಟ್ಟುಕೊಳ್ಳಬೇಕು. ನಡುವೆ ಒಂದೆರಡು ಚುರುಕಾದ ಎಸೆತಗಳನ್ನು ಸ್ಟಂಪಿನಿಂದ ಹೊರಗೆ ಹಾಕಿ ಸಾಹೇಬರನ್ನು ತಬ್ಬಿಬ್ಬು ಮಾಡುತ್ತಿರಬೇಕು, ಇಲ್ಲದಿದ್ದರೆ ಅವರಿಗೇ ಸಂಶಯ ಬರುತ್ತದೆ. ಆ ವರ್ಷಗಳ ಅವನ ಬೌಲಿಂಗ್ ಅಂಕಿಗಳನ್ನು ನೋಡಿದವರು ಇವನಿಗೆ ಚೆಂಡು ಹಿಡಿಯಲೂ ಬಾರದು ಎನ್ನಬೇಕಿತ್ತು. ನೋಡಿದವರು ಅವನನ್ನು ಅಸಿಸ್ಟೆಂಟ್ ಮ್ಯಾನೇಜರ್ ಮಾಡಿದರು. ಕರ್ಣಿಕ್ ಸಾಹೇಬರು ನಿವೃತ್ತಿಯ ದಿನ ಭಾಷಣ ಮಾಡುತ್ತ, ತಾವು ಇನ್ನೂ ದೊಡ್ಡ ಮಟ್ಟದಲ್ಲಿ ಆಡಬಹುದಿತ್ತು, ಸಂಸಾರಕ್ಕಾಗಿ ಬಿಟ್ಟೆ ಎಂದು ಕಣ್ಣು ಒರೆಸಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಮುರಿಗೆಪ್ಪ ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದ. ತಾನೇ ಮ್ಯಾನೇಜರನಾಗಿ ಬ್ಯಾಟು ಹಿಡಿದ ಮೇಲೆ ರನ್ನುಗಳು ಬರತೊಡಗಿದವು. ತನ್ನ ವಿಷಯ ಬೇರೆ ಎಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟ. ಕರ್ಣಿಕರ ಕಾಲದಲ್ಲಿ ಜನ ಹಾಗಿದ್ದರು, ಈಗಿನವರು ಹಾಗಲ್ಲ, ಯೂನಿಯನ್ ಇದೆ, ಯಾರೂ ಯಾರಿಗೂ ಬಗ್ಗುವುದಿಲ್ಲ. ಅಂಧೇರಿ ದಾಟುವಷ್ಟರಲ್ಲಿ ಅವನಿಗೆ ತನ್ನ ವಾದದಿಂದಲೇ ಹಳಸಿದ ವಾಸನೆ ಬರತೊಡಗಿತು.

ದಾದರಿನಲ್ಲಿ ಇಳಿದು ಸೆಂಟ್ರಲ್ ಲೈನಿಗೆ ಸೇತುವೆ ದಾಟುವಾಗ ಯಾರದೋ ಮೊಣಕೈ ಪಕ್ಕೆಗೆ ಬಲವಾಗಿ ಬಡಿಯಿತು. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, “ಚಲಾ ನಾ, ಕಾಯ್ ಉಭೆ ರಾಹಿಲೆ,” ನಡೀರಿ, ಏನು ನಿಂತುಬಿಟ್ರಿ ಎಂದು ಬೆನ್ನಿಗೆ ಬುಟ್ಟಿ ಒತ್ತಿದಳು. ಮುರಿಗೆಪ್ಪನಿಗೆ ವಿಚಿತ್ರವಾದ ಸಮಾಧಾನವಾಯಿತು. ಈ ಸೇತುವೆಯ ಮೇಲೆ ಯಾರಿಗೂ ತಾನು ಮ್ಯಾನೇಜರನೆಂದು ಗೊತ್ತಿಲ್ಲ. ಇಲ್ಲಿ ಬೀಳುವ ಪೆಟ್ಟು ಪ್ರಾಮಾಣಿಕವಾದದ್ದು. ದಿನಾ ಈ ಸೇತುವೆಯನ್ನು ಸೊಂಟ ಮುರಿಯದೆ ದಾಟುತ್ತೇನಲ್ಲ, ಇದಕ್ಕೊಂದು ಸರಾಸರಿ ತೆಗೆದರೆ ಅದು ನಿಜದ ಅಂಕಿಯಾಗುತ್ತಿತ್ತು. ಈ ಹುಮ್ಮಸ್ಸಿನಲ್ಲೇ ಅವನು ವಿಕ್ರೋಳಿಯ ಸ್ಲೋ ಗಾಡಿಗೆ ಮೊಣಕೈ ಬೀಸಿಕೊಂಡೇ ನುಗ್ಗಿದ. ಒಳಗೆ ಕಿಟಕಿಯ ಬಳಿ ಕೂತಿದ್ದ ತರುಣನೊಬ್ಬ ಅವನ ಏದುಸಿರು ನೋಡಿ ಕಿವಿಯಿಂದ ಇಯರ್‌ಫೋನ್ ತೆಗೆದು ಎದ್ದು ನಿಂತ. “ಕಾಕಾ, ಬಸಾ,” ಎಂದ. ಬೇಡ ಎಂದರೂ ಬಿಡಲಿಲ್ಲ, ಭುಜ ಹಿಡಿದು ಕೂರಿಸಿದ. ವಿಕ್ರೋಳಿ ಬರುವವರೆಗೆ ಮುರಿಗೆಪ್ಪ ಆ ದಯೆಯ ಸೀಟಿನಲ್ಲಿ ಅವಮಾನದಿಂದ ಕೂತಿದ್ದ.

ಯಾಕೂಬ ಸಿಕ್ಕದ್ದು ಕಾರ್ಖಾನೆಯ ಮಾಲು ಹೊರಗೆ ಹೋಗುವ ಡಿಸ್‌ಪ್ಯಾಚ್ ಗೇಟಿನಲ್ಲಿ, ಟ್ರಕ್ಕಿನ ಡ್ರೈವರನಿಗೆ ವಿಜಯಪುರದ ಬಿಸಿಲಿನ ಬಗ್ಗೆ ಹೇಳುತ್ತ. ಡಿಸ್‌ಪ್ಯಾಚಿನ ಸೂಪರ್‌ವೈಸರನಾದ ಅವನ ಗಡ್ಡಕ್ಕೆ ಮೆಹಂದಿ, ಕಿವಿಯ ಸಂದಿಗೆ ಅತ್ತರಿನ ಹತ್ತಿ, ಮಾತಿಗೆ ನಿಂತರೆ ಟ್ರಕ್ಕುಗಳು ಸಾಲುಗಟ್ಟಿ ಕಾಯಬೇಕು. ಆಫೀಸರುಗಳ ತಂಡದ ವಿರುದ್ಧ ಡಿಸ್‌ಪ್ಯಾಚಿನ ಮುಖ್ಯ ಬೌಲರ್ ಅವನೇ. ಬಂದ ಮೊದಲ ವರ್ಷ ಮುರಿಗೆಪ್ಪನನ್ನು ಒಮ್ಮೆ ಬೌಲ್ಡ್ ಮಾಡಿದ್ದ. ಆಮೇಲೆ ಇಷ್ಟು ವರ್ಷಗಳಲ್ಲಿ ಮತ್ತೆ ಆಗಿಲ್ಲ. ತಾನು ಅವನ ಬೌಲಿಂಗನ್ನು ಓದಿಬಿಟ್ಟೆ ಎಂದು ಮುರಿಗೆಪ್ಪ ಊಟದ ಟೇಬಲ್ಲಿನಲ್ಲಿ ಎಷ್ಟೋ ಸಲ ವಿವರಿಸಿದ್ದ. ಸರಾಸರಿಯ ಅರ್ಧ ಭಾಗ ಯಾಕೂಬನ ಕೈಯಿಂದಲೇ ಬಂದದ್ದು. ಆದ್ದರಿಂದ ಯಾಕೂಬ ನಿಜವಾದರೆ ಸರಾಸರಿಯೂ ನಿಜ. ಅವನನ್ನು ಕ್ಯಾಬಿನಿಗೆ ಕರೆದು ಬಾಗಿಲು ಹಾಕಿ, “ಮಧ್ಯಾಹ್ನ ಊಟದ ಟೈಮಿನ್ಯಾಗ ಗ್ರೌಂಡಿಗೆ ಬಾ. ಬಾಲ್ ತಗೊಂಡು ಬಾ. ನನಗ ಪ್ರ್ಯಾಕ್ಟೀಸ್ ಬೇಕು,” ಎಂದ.

“ಬರ್ತೀನ್ರಿ ಸಾಹೇಬ್ರ. ಅದಕ್ಕೇನ ಕೇಳೂದೈತ್ರಿ.”

“ಖರೇನ ಹಾಕಬೇಕು ಮತ್ತ.”

“ಯಾವಾಗ್ಲೂ ಖರೇನ ಹಾಕ್ತೀನಲ್ರಿ. ನೀವು ಬ್ಯಾಟ್ ಹಿಡದ ಮ್ಯಾಲ ನಮ್ಮದು ಏನ ನಡೀತೈತ್ರಿ,” ಎಂದ ಯಾಕೂಬ ನಗುತ್ತ. ಆ ನಗು ಮುರಿಗೆಪ್ಪನಿಗೆ ಪರಿಚಯದ್ದು. ಕರ್ಣಿಕ್ ಸಾಹೇಬರ ಮುಂದೆ ತನ್ನ ಮುಖದಲ್ಲಿ ಅದು ಇರುತ್ತಿತ್ತು. ನಗುವಾಗ ಯಾಕೂಬನ ಕಣ್ಣು ಮೇಜಿನ ಫೋನಿನ ಕಡೆ ಒಮ್ಮೆ ಹೋಗಿ ಬಂತು. ಆಗ ಮುರಿಗೆಪ್ಪನಿಗೆ ನೆನಪಾಯಿತು: ಯಾಕೂಬನ ಮಗ ರಿಹಾನ ಇಲ್ಲೇ ಅಪ್ರೆಂಟಿಸ್, ಅವನನ್ನು ಕಾಯಂ ಮಾಡುವ ವಿಷಯದಲ್ಲಿ ಎಚ್‌ಆರ್‌ಗೆ ಒಂದು ಮಾತು ಹಾಕಿ ಎಂದು ಯಾಕೂಬ ದೀಪಾವಳಿಗೆ ಮುಂಚೆಯೇ ಕೇಳಿದ್ದ. ಆ ಒಂದು ಮಾತು ಬಾಕಿ ಇರುವ ತನಕ ಯಾಕೂಬನ ಯಾವ ಚೆಂಡೂ ಸ್ಟಂಪಿಗೆ ಬೀಳಲಾರದು. ಎಷ್ಟು ಸರಳ ಎಂದು ಮುರಿಗೆಪ್ಪನಿಗೆ ಉತ್ಸಾಹವಾಯಿತು. ಮೊದಲು ಕೆಲಸ ಮಾಡಿಕೊಟ್ಟರೆ ಭಯ ಹೋಗುತ್ತದೆ, ಭಯ ಹೋದರೆ ನಿಜ ಬರುತ್ತದೆ. ಅವನು ಅಲ್ಲೇ, ಯಾಕೂಬನ ಎದುರೇ, ಫೋನು ಎತ್ತಿ ಎಚ್‌ಆರ್‌ನ ಸೌಮ್ಯಾಳಿಗೆ ಮಾಡಿದ.

“ಸೌಮ್ಯಾ, ನಮ್ಮ ರಿಹಾನನ ಕನ್ಫರ್ಮೇಶನ್ ಬಗ್ಗೆ. ನನ್ನ ಕಡೆಯಿಂದ ಸ್ಟ್ರಾಂಗ್ ಆಗಿ ರೆಕಮೆಂಡ್ ಮಾಡ್ತಾ ಇದೀನಿ.”

“ಸರ್, ಅದು ಹೋದ ವಾರವೇ ಆಯ್ತಲ್ಲ,” ಎಂದಳು ಸೌಮ್ಯಾ. “ಟೆಸ್ಟಲ್ಲಿ ಅವನದ್ದೇ ಜಾಸ್ತಿ ಮಾರ್ಕ್ಸ್. ಲೆಟರ್ ಇವತ್ತು ಕೈಗೆ ಕೊಡ್ತೇವೆ.”

“ನಾನು ಹೇಳಿದ್ದು...”

“ಬೇಕಾಗ್ಲಿಲ್ಲ ಸರ್. ಥ್ಯಾಂಕ್ಯೂ ಸರ್.”

ಯಾಕೂಬ ಉಸಿರು ಹಿಡಿದು ನಿಂತಿದ್ದ. ಫೋನು ಇಟ್ಟ ಮುರಿಗೆಪ್ಪನಿಗೆ ನಿಜ ಹೇಳಲು ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣವನ್ನು ಅವನು ಕುರ್ಚಿಗೆ ಒರಗಿ ಕಳೆದ. “ಆತು, ಇವತ್ತ ಲೆಟರ್ ಕೊಡ್ತಾರ,” ಎಂದ. ಅದು ಸುಳ್ಳಲ್ಲ, ಒಂದಕ್ಷರವೂ ಸುಳ್ಳಲ್ಲ. ಯಾಕೂಬ ಎರಡೂ ಕೈ ಎದೆಗೆ ಒತ್ತಿಕೊಂಡ. ಏನೂ ಮಾತಾಡಲಿಲ್ಲ, ಅವನು ಮಾತಾಡದೆ ನಿಂತದ್ದನ್ನು ಮುರಿಗೆಪ್ಪ ಕಂಡದ್ದು ಅದೇ ಮೊದಲು. ಅವನು ಹೋದ ಮೇಲೆ ಮುರಿಗೆಪ್ಪ ಬಹಳ ಹೊತ್ತು ಫೈಲು ತಿರುವಿದ. ಒಳಗೆ ಒಂದು ದೊಡ್ಡತನದ ಬೆಚ್ಚಗಿನ ಸುಖ ಹರಿಯುತ್ತಿತ್ತು, ಅದು ಕದ್ದದ್ದು ಎಂದು ಗೊತ್ತಿದ್ದರೂ ಸುಖ ಕಡಿಮೆಯಾಗಲಿಲ್ಲ, ಅದಕ್ಕೇ ನಾಚಿಕೆಯಾಯಿತು.

ಗ್ರೌಂಡು ಕಾರ್ಖಾನೆಯ ಹಿಂಬದಿಯಲ್ಲಿ, ಸಿಮೆಂಟಿನ ಪಿಚ್ಚು, ಮೂರು ಕಡೆ ಬಲೆ. ಊಟದ ಹೊತ್ತಿನ ಬಿಸಿಲಿಗೆ ಯಾರೂ ಇರಲಿಲ್ಲ. ಯಾಕೂಬ ಶರಟಿನ ತೋಳು ಮಡಚಿಕೊಂಡು ದೂರದಿಂದ ಓಡಿ ಬಂದ. ಹುಂ ಎಂದ. ಚೆಂಡು ಕಾಲಿನ ಬುಡದಲ್ಲಿ ಪುಟಿದು ಬ್ಯಾಟಿಗೆ ಬಂತು. ಮುರಿಗೆಪ್ಪ ಹೊಡೆದ, ಬಲೆ ಹಿಂದಕ್ಕೆ ಉಬ್ಬಿತು. ಇನ್ನೊಂದು ಬಂತು, ಇನ್ನೂ ಮೆತ್ತಗೆ, ಹಬ್ಬದ ದಿನ ತಟ್ಟೆಗೆ ಬಡಿಸುವವರ ಹಾಗೆ. ಮುರಿಗೆಪ್ಪ ಮತ್ತೆ ಹೊಡೆದ. ಯಾಕೂಬ ತಲೆಯ ಮೇಲೆ ಎರಡೂ ಕೈ ಇಟ್ಟು, “ಏನ್ ಟೈಮಿಂಗ್ ಐತ್ರಿ ಸಾಹೇಬ್ರ, ಈ ವಯಸ್ಸಿನ್ಯಾಗ,” ಎಂದ. ಮೂರನೆಯದಕ್ಕೆ ಮುರಿಗೆಪ್ಪ ಬೇಕೆಂದೇ ಬ್ಯಾಟು ಎತ್ತಿ, ಸ್ಟಂಪು ಪೂರ್ತಿ ತೆರೆದಿಟ್ಟು ನಿಂತ. ಚೆಂಡು ಸ್ಟಂಪಿನಿಂದ ಒಂದು ಗೇಣು ಪಕ್ಕಕ್ಕೆ ಸರಿದು ಹೋಯಿತು. ಅಷ್ಟು ತೆರೆದಿಟ್ಟ ಬಾಗಿಲೊಳಗೂ ಬಾರದ ಚೆಂಡು! ಭಯದಲ್ಲಿ ಹಾಕಿದರೂ ಇದೇ, ಉಪಕಾರಕ್ಕೆ ಹಾಕಿದರೂ ಇದೇ. ಔಟ್ ಮಾಡು ಎಂದು ಹುಕುಂ ಕೊಟ್ಟರೆ ಔಟ್ ಮಾಡುತ್ತಾನೆ, ಅದೂ ಹುಕುಮಿನ ಪಾಲನೆಯೇ ಹೊರತು ಬೇರೆಯಲ್ಲ. ಆಗ ತನಗೆ ಗೊತ್ತಾಗುವುದೇನು? ಮುರಿಗೆಪ್ಪನಿಗೆ ತಾನು ಎಲ್ಲ ಕಡೆಯಿಂದ ಹತ್ತಿ ತುಂಬಿದ ಕೋಣೆಯಲ್ಲಿ ನಿಂತಿದ್ದೇನೆ ಅನ್ನಿಸಿತು. ಬ್ಯಾಟಿಗೆ ಆತುಕೊಂಡ. ಸುಳ್ಳಿನ ಮೇಲೆ ಬಂದ ಈ ಉಪಕಾರವನ್ನಾದರೂ ತೆಗೆದು ಹಾಕೋಣ ಎಂದು, ಪಿಚ್ಚಿನ ನಡುವಿನವರೆಗೆ ನಡೆದು ಬಂದ.

“ಯಾಕೂಬ, ಒಂದು ಮಾತು. ರಿಹಾನನ ಕೆಲಸ ನಾ ಮಾಡಿಸಿದ್ದಲ್ಲ. ಹೋದ ವಾರನ ಆಗಿತ್ತು. ಹುಡುಗ ಮಾರ್ಕ್ಸ್ ತಗೊಂಡಾನ, ಅದರ ಮ್ಯಾಲ ಆಗೈತಿ. ನಾ ಫೋನ್ ಮಾಡಿದ್ದು ದಂಡ.”

ಯಾಕೂಬ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದವನು ನಿಲ್ಲಿಸಿದ. ಅವನ ಮುಖದಲ್ಲಿ ಸಿಟ್ಟು ಬರಬಹುದೆಂದು ಮುರಿಗೆಪ್ಪ ಕಾದ. ಬಂದದ್ದು ಬೇರೆ. ಮಗ ತಾನಾಗಿ ಗೆದ್ದಿದ್ದಾನೆ ಎಂಬುದು ನಿಧಾನಕ್ಕೆ ಒಳಗಿಳಿದು, ಯಾಕೂಬನ ಬೆನ್ನು ನೆಟ್ಟಗಾಯಿತು.

“ನಿಮ್ಮ ಋಣ ಇಲ್ಲಂದಂಗಾತು,” ಎಂದ.

“ಇಲ್ಲ. ಮಾರ್ಚಿಗೆ ನಾ ರಿಟೈರ್. ಹೆದರಿಕಿನೂ ಇಲ್ಲ ನಿನಗ. ಈಗರ ಖರೇ ಹೇಳು. ಇಷ್ಟ ವರ್ಷ ನೀ ನನಗ ಬೇಕಂತ ಹಂಗ ಹಾಕಿದ್ದೇನು?”

ಯಾಕೂಬ ಬಲೆಯ ಕಡೆ ನೋಡಿದ. “ಮೊದಲನೇ ವರ್ಷ ನಿಮ್ಮ ಸ್ಟಂಪಿನ ಗಿಲ್ಲಿ ಹಾರಿಸಿದ್ನಲ್ರಿ. ಮರುದಿನ ಗೇಟಿನ್ಯಾಗ ನಿಮಗ ಸಲಾಮ್ ಮಾಡಿದೆ. ನೀವು ಹೊಳ್ಳಿ ನೋಡ್ಲಿಲ್ಲ.”

“ನಾ ನೋಡಿರಾಕಿಲ್ಲ.”

“ಇರಬಹುದ್ರಿ. ನಾ ಹಂಗ ತಿಳೀಲಿಲ್ಲ. ಮನಿಗೆ ಹೋಗಿ ಹೇಣ್ತಿ ಜೈತುನಬಿ ಮುಂದ ಹೇಳಿದೆ. ಸಾಹೇಬ್ರನ್ನ ಔಟ್ ಮಾಡಿ ನಿನಗ ಏನ್ ಸಿಗೂದೈತಿ, ಸುಮ್ನ ನೌಕರಿ ಮಾಡು ಅಂದ್ಳು ಅಕಿ. ಮುಂದಿನ ಮ್ಯಾಚಿನ್ಯಾಗ ನೀವು ನನಗ ಸಿಕ್ಸ್ ಹೊಡದ್ರಿ. ಮರುದಿನ ಗೇಟಿನ್ಯಾಗ ನೀವ ನಿಂತು ಮಾತಾಡಿಸಿದ್ರಿ, ಮಕ್ಕಳೆಷ್ಟು ಅಂತ ಕೇಳಿದ್ರಿ.”

ಇಷ್ಟೇ. ಒಂದು ಸಲಾಮು. ಮುರಿಗೆಪ್ಪ ಆ ಬೆಳಗ್ಗೆಯನ್ನು ನೆನಪು ಮಾಡಿಕೊಳ್ಳಲು ನೋಡಿದ. ಹಲ್ಲು ನೋವಿದ್ದಿರಬೇಕು, ಲೇಟಾಗಿದ್ದಿರಬೇಕು, ಮೋಡ ಇದ್ದಿರಬೇಕು. ಅವನು ಎಷ್ಟೋ ಕಾರಣಗಳನ್ನು ಸಾಲಾಗಿ ನಿಲ್ಲಿಸಿದ. ಒಂದೂ ನೆನಪಾಗಲಿಲ್ಲ. ಆ ಸಲಾಮನ್ನು ನೋಡಿಯೇ ಇದ್ದೆ ಎಂದು ಮಾತ್ರ ಅವನಿಗೆ ಖಾತ್ರಿಯಾಯಿತು, ಯಾಕೆಂದರೆ ಈಗಲೂ, ಇಷ್ಟು ವರ್ಷದ ಮೇಲೂ, ಆ ಬೌಲ್ಡ್ ಆದ ಚೆಂಡು ನೆನಪಾದರೆ ಅವನ ಕಿವಿ ಬಿಸಿಯಾಗುತ್ತದೆ. ಮರುಕ ಎದ್ದು ಬಂತು, ಯಾಕೂಬನ ಮೇಲೋ ತನ್ನ ಮೇಲೋ ಎಂದು ಅವನು ಬಿಡಿಸಿ ನೋಡಲಿಲ್ಲ. “ಹಂಗಿದ್ರ ಈಗ ಹಾಕು. ಅವತ್ತ ಹಾಕಿದಂಗ ಹಾಕು,” ಎಂದು ಹೇಳಿ ಹಿಂದಕ್ಕೆ ಹೋಗಿ ಸ್ಟಂಪಿನ ಮುಂದೆ ನಿಂತ.

ಯಾಕೂಬ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ. ಬೂಟು ಕಳಚಿದ, ಬರಿಗಾಲಲ್ಲಿ ಬಿಸಿ ಸಿಮೆಂಟಿನ ಮೇಲೆ ಹಿಂದೆ ಹಿಂದೆ ನಡೆದು, ಬಲೆಯ ಆಚೆಗಿನ ಹುಲ್ಲಿನವರೆಗೆ ಹೋದ. ಅಲ್ಲಿಂದ ಓಡಿ ಬಂದಾಗ ಮುರಿಗೆಪ್ಪನ ಎದೆ ಹೊಡೆದುಕೊಂಡಿತು; ಅದು ಸಂತೋಷವೇ. ಚೆಂಡು ಬಲೆಯ ಮೇಲ್ತುದಿಗೆ ಬಡಿದು ಕೆಳಗೆ ಬಿತ್ತು. “ಕೈ ಜಾರಿತು,” ಎಂದ ಯಾಕೂಬ. ಎರಡನೆಯದು ಪಿಚ್ಚಿನ ನಡುವೆಯೇ ಕೂತು ಉರುಳಿಕೊಂಡು ಬಂತು. ಮೂರನೆಯದಕ್ಕೆ ಯಾಕೂಬ ಓಟದ ಮಧ್ಯೆ ನಿಂತು, ಬೆರಳುಗಳನ್ನು ಚೆಂಡಿನ ಹೊಲಿಗೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಮತ್ತೆ ಹಿಂದೆ ಹೋಗಿ ಬಂದ. ಆ ಚೆಂಡು ತಪ್ಪದೆ, ಕಾಲಿನ ಬುಡದಲ್ಲಿ ಪುಟಿದು, ಹೊಡೆಯಿರಿ ಎಂದು ಬಂದು ನಿಂತಿತು. ಮುರಿಗೆಪ್ಪನ ಕೈ ಅವನನ್ನು ಕೇಳಲಿಲ್ಲ, ಬೀಸಿ ಹೊಡೆಯಿತು. ಒಂದು ನಿಮಿಷ ಅವನಿಗೆ ಅಪ್ಪಟ ಖುಷಿಯಾಯಿತು: ಯಾಕೂಬ ನಿಜಕ್ಕೂ ಹಾಕಿದ, ನಾನು ನಿಜಕ್ಕೂ ಹೊಡೆದೆ, ಹಾಗಾದರೆ ಐವತ್ತೆಂಟು ಪಾಯಿಂಟ್ ನಾಲ್ಕು! ಆಮೇಲೆ ಅವನು ಯಾಕೂಬನ ಮುಖ ನೋಡಿದ. ಯಾಕೂಬ ತನ್ನ ಬಲಗೈಯನ್ನು ಬೇರೆಯವರ ಕೈಯೆಂಬಂತೆ ಎದುರಿಗೆ ಹಿಡಿದು ನೋಡುತ್ತಿದ್ದ.

“ಅಲ್ಲೇ ಹೋಗ್ತೈತ್ರಿ,” ಎಂದ. “ನಾ ಸ್ಟಂಪಿಗೆ ಬಿಟ್ರೂ ಅದು ಅಲ್ಲೇ ಹೋಗ್ತೈತಿ.”

“ವಯಸ್ಸಾತಲ್ಲ ಯಾಕೂಬ.”

“ವಯಸ್ಸಿಂದಲ್ರಿ. ವಯಸ್ಸಾದ್ರ ಚೆಂಡು ಸಾವಕಾಶ ಬರ್ತೈತಿ. ಹಿಂಗ ಪಾಪ ಮಾಡಿದವ್ರಂಗ ನಿಮ್ಮ ಕಾಲಿಗೆ ಬಂದು ಬೀಳೂದಿಲ್ಲ.”

ತಾನು ಬೆಳಗ್ಗೆಯಿಂದ ಕೇಳುತ್ತಿದ್ದ ಪ್ರಶ್ನೆ ತನ್ನ ಬಗ್ಗೆ ಮಾತ್ರ ಎಂದು ಮುರಿಗೆಪ್ಪ ಅಂದುಕೊಂಡಿದ್ದ. ಈ ಮನುಷ್ಯನ ಹೆಸರಿನ ಪಕ್ಕದಲ್ಲಿ ಇಷ್ಟು ವರ್ಷ ಎಷ್ಟು ಕೆಟ್ಟ ಅಂಕಿಗಳು ಬಿದ್ದಿವೆಯೋ, ಅವೆಲ್ಲ ಸುಳ್ಳು ಅಂಕಿಗಳೇ. ಆದರೆ ಸುಳ್ಳುಗಳೇ ಒಂದರ ಮೇಲೊಂದು ಕೂತು ಕೊನೆಗೆ ಅವನನ್ನು ತಮ್ಮ ಹಾಗೆ ಮಾಡಿಕೊಂಡಿದ್ದವು. ನೇತ್ರಾಳ ಕಂಪನಿಯವರು ಇವನನ್ನು ಈಗ ಜರಡಿ ಹಿಡಿದರೆ ಅಂಕಿ ಸರಿಯಾಗಿಯೇ ಇದೆ ಎನ್ನುತ್ತಾರೆ. ಅವನು ಒಂದು ಕಾಲದಲ್ಲಿ ಬೌಲರನಾಗಿದ್ದನೆಂಬುದಕ್ಕೆ ಈಗ ಸಾಕ್ಷಿ ಇದ್ದದ್ದು ಇಬ್ಬರೇ, ಔಟ್ ಮಾಡಿದವನು ಮತ್ತು ಔಟ್ ಆದವನು. ಮುರಿಗೆಪ್ಪನಿಗೆ ಕರ್ಣಿಕ್ ಸಾಹೇಬರ ಕಣ್ಣೀರು ನೆನಪಾಗಿ, ನಾನು ಅವತ್ತು ನಕ್ಕದ್ದು ಯಾರನ್ನು ನೋಡಿ ಅನ್ನಿಸಿತು. ಊಟದ ವೇಳೆ ಮುಗಿದ ಸೈರನ್ ಕೂಗಿತು. ಶೆಡ್ಡಿನ ಕಡೆಗೆ ಹೋಗುತ್ತಿದ್ದ ಜನ ಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತ ಸೂಪರ್‌ವೈಸರನನ್ನೂ ಟೈ ಕಟ್ಟಿಕೊಂಡು ಬ್ಯಾಟು ಹಿಡಿದ ಮ್ಯಾನೇಜರನನ್ನೂ ನೋಡುತ್ತ ಹೋದರು.

“ಸಾಕು ಬಿಡು. ಟ್ರಕ್ ನಿಂತಾವ,” ಎಂದು ಮುರಿಗೆಪ್ಪ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿದ.

“ನಿಂದರ್ರಿ ಅಲ್ಲೇ,” ಎಂದ ಯಾಕೂಬ.

ಅದು ಕೇಳಿಕೆಯಾಗಿರಲಿಲ್ಲ. ಮುರಿಗೆಪ್ಪ ನಿಂತ. ಈ ಕಾರ್ಖಾನೆಯಲ್ಲಿ ಯಾರೂ ಅವನಿಗೆ ಆ ಧ್ವನಿಯಲ್ಲಿ ಏನನ್ನೂ ಹೇಳಿರಲಿಲ್ಲ. ಯಾಕೂಬ ಈ ಸಲ ದೂರ ಹೋಗಲಿಲ್ಲ. ಓಟವನ್ನೂ ಹುಂಕಾರವನ್ನೂ ಬಿಟ್ಟು, ನಾಲ್ಕಾರು ಹೆಜ್ಜೆಯಲ್ಲಿ ಬಂದು, ತುಟಿ ಅಲುಗಿಸುತ್ತ, ಚೆಂಡನ್ನು ಬಿಟ್ಟ. ಅದು ಸಾವಕಾಶವಾಗಿ, ನೆಟ್ಟಗೆ, ಆಫ್ ಸ್ಟಂಪಿನ ಕಡೆಗೆ ಬಂತು. ಅದು ನಿಜದ ಚೆಂಡು ಎಂದು ಮುರಿಗೆಪ್ಪನಿಗೆ ಕೂಡಲೇ ತಿಳಿಯಿತು. ಇದಕ್ಕಾಗಿಯೇ ಅವನು ಬೆಳಗ್ಗೆಯಿಂದ ಕಾದದ್ದು. ಬ್ಯಾಟು ಹಾಕಿದರೆ ತಾನು ಯಾರೆಂದು ಗೊತ್ತಾಗಿಬಿಡುತ್ತಿತ್ತು, ತಾಕಿದರೆ ತಾಕಿತು, ತಪ್ಪಿದರೆ ತಪ್ಪಿತು. ಆದರೆ ಚೆಂಡಿನ ಹಿಂದೆ ಯಾಕೂಬನ ಬಾಯಿ ತೆರೆದಿತ್ತು, ಕೈ ಇನ್ನೂ ಗಾಳಿಯಲ್ಲಿತ್ತು. ಆ ಮುಖವನ್ನು ನೋಡಲಾರದೆ ಮುರಿಗೆಪ್ಪ ಬ್ಯಾಟನ್ನು ಬೇಕೆಂದೇ ಒಂದಿಷ್ಟು ತಡಮಾಡಿ ಮುಂದಿಟ್ಟ. ಬಹಳ ಚೆನ್ನಾಗಿ ತಡಮಾಡಿದ, ಕಾಲು ಸರಿಯಾದ ಕಡೆಗೇ ಹೋಯಿತು, ತಲೆ ಬಗ್ಗಿತು, ಮುಖದಲ್ಲಿ ಮೋಸಹೋದವನ ಬೆರಗೂ ಬಂತು. ಚೆಂಡು ಬ್ಯಾಟಿನ ಪಕ್ಕದಲ್ಲಿ ಹಾದು ಸ್ಟಂಪಿಗೆ ತಾಗಿತು. ಗಿಲ್ಲಿಗಳು ಬಿದ್ದವು.

“ಏನ್ ಬಾಲ್ ಹಾಕಿದ್ಯೋ ಯಾಕೂಬ,” ಎಂದ ಮುರಿಗೆಪ್ಪ. “ಕಾಣಲೇ ಇಲ್ಲ ನನಗ.”

ಯಾಕೂಬ ಬಂದ. ಬಿದ್ದ ಗಿಲ್ಲಿಗಳನ್ನು ನೋಡಿದ, ಬ್ಯಾಟನ್ನು ನೋಡಿದ, ಕೊನೆಗೆ ಮುರಿಗೆಪ್ಪನ ಮುಖವನ್ನು ನೋಡಿದ.

“ಹಂಗ ಮಾಡಬ್ಯಾಡ್ರಿ ಸಾಹೇಬ್ರ,” ಎಂದ. “ಬ್ಯಾರೆ ಯಾರಿಗೂ ಗೊತ್ತಾಗ್ತಿದ್ದಿಲ್ಲ. ನನಗ ಗೊತ್ತಾಗ್ತೈತಿ.”